ಖಂಡಪ್ಪನ ಹರಿಗೋಲಿಗೆ ಇಲಿ ಹತ್ತುವುದಿಲ್ಲ

ಸೂರ್ಯ ಇನ್ನೂ ಮೂಡಿಲ್ಲ. ತಿಂಥಣಿಯಿಂದ ಕೊಂಚ ದೂರದ ಹೊಳೆದಂಡೆಯಲ್ಲಿ ಖಂಡಪ್ಪ ಹುಲ್ಲಿನ ಪೆಂಡಿ ಬಿಚ್ಚಿ, ಬಡಿಗೆಯಿಂದ ಬಡಿದು, ಎತ್ತಿ ಕೊಡವುತ್ತಿದ್ದಾರೆ. ಒಂದಾಯಿತು, ಇನ್ನೂ ಹನ್ನೊಂದಿವೆ. ಹುಲ್ಲು ಕಕ್ಕೇರಾದ ಮನ್ಸೂರಅಲಿಯದು. ಕೃಷ್ಣೆಯ ನಡುಗಡ್ಡೆಯಲ್ಲಿ ಅವರು ಕಲ್ಲಂಗಡಿ ಹಾಕಿದ್ದಾರೆ, ಕಾಯಿಯ ಕೆಳಗೆ ಹಾಸಲು ಈ ಹುಲ್ಲು. ಹರಿಗೋಲಿನ ಪಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾರೆ.

"ಕಾಕಾ, ಇದು ಹರಗೋಲೋ ಏರ್‌ಪೋರ್ಟೋ? ಇನ್ನ ನನ್ನ ಅಂಗಿನೂ ಬಿಚ್ಚಸ್ತೀ ಏನು?"

"ಅಂಗ್ಯಾಗ ಇಲಿ ಇದ್ರ ಅದನ್ನೂ ಬಿಚ್ಚಸ್ತೀನಿ. ಮುಂದಿನ ಪೆಂಡಿ ಕೊಡು."

ಏಳನೇ ಪೆಂಡಿಯಿಂದ ಹೊಟ್ಟೆ ಜೋತ ಹೆಣ್ಣಿಲಿಯೊಂದು ಜಿಗಿದು ಜಾಲಿಪೊದೆಗೆ ನುಗ್ಗುತ್ತದೆ. ಮನ್ಸೂರಅಲಿ ಉಳಿದ ಐದನ್ನು ತಾವೇ ಬಿಚ್ಚತೊಡಗುತ್ತಾರೆ.

ಐವತ್ತೆಂಟರ ಖಂಡಪ್ಪ ಮೂವತ್ತು ವರ್ಷದಿಂದ ಹರಿಗೋಲು ಹಾಕುತ್ತಿದ್ದಾರೆ. ದಿನಕ್ಕೆ ಎಂಟು ಸುತ್ತು. ಬಲಭುಜ ಈಗ ತಲೆಯ ಮೇಲೆ ಏಳುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ನಡುಗಡ್ಡೆಯ ತುದಿಯಲ್ಲಿ ರೀವ ಎಂಬ ಹೊಳೆಹಕ್ಕಿಗಳು ಮೊಟ್ಟೆಯಿಡುತ್ತವೆ. ಕಡ್ಡಿಯಿಲ್ಲ, ಗೂಡಿಲ್ಲ, ಬರೀ ಮರಳಿನಲ್ಲೊಂದು ಕುಳಿ. ಸುತ್ತ ನೀರಿದೆಯೆಂಬ ಭರವಸೆ ಅಷ್ಟೆ.

ಆರು ವರ್ಷದ ಹಿಂದೆ ಆ ಭರವಸೆ ಮುರಿದವರು ಖಂಡಪ್ಪನವರೇ. ನಡುಗಡ್ಡೆಯಲ್ಲಿ ತಂಗಿದ್ದ ಕುರಿಯವರಿಗೆ ಮೇವಿಗೆಂದು ಜೋಳದ ಕಣಕಿ ಸಾಗಿಸಿದರು. ಕಣಕಿಯೊಳಗೆ ಇಲಿಗಳಿದ್ದವು.

"ಕಂಡಿದ್ದೆರಿ. ನಡುಹೊಳ್ಯಾಗ ಎರಡು ಇಲಿ ಹೊರಗ ಇಣಕಿದ್ವು. ಹತ್ತಿದ ಜೀವಾನ ಇಳಸಬಾರ್ದು ಅನ್ನೋದು ನಮ್ಮಪ್ಪನ ಕಾಲದಿಂದ ನಮ್ಮ ರಿವಾಜು. ಇವೂ ಜೀವನೇ ಅಲ್ಲೇನು ಅಂತ ನಕ್ಕೊಂತ ದಾಟಿಸಿದೆ."

ಏಪ್ರಿಲ್ ಮುಗಿಯುವಷ್ಟರಲ್ಲಿ ಮರಳಿನ ಮೇಲೆ ಒಂದೂ ಇಡೀ ಮೊಟ್ಟೆ ಉಳಿಯಲಿಲ್ಲ.

ಮರುವರ್ಷ ಹಕ್ಕಿ ಎಣಿಸಲು ಬಂದ ಸಂಶೋಧಕಿ ದೇವಿಕಾ ಹರಿಗೋಲಿನಲ್ಲಿ ಕೂತೇ ದೂರದ ಸಮುದ್ರದ ಸಂಗತಿ ಹೇಳಿದರು. ಮೂರು ಸಾವಿರ ವರ್ಷಗಳ ಹಿಂದೆ ಪೆಸಿಫಿಕ್ ಸಾಗರದ ಒಂದೊಂದೇ ದ್ವೀಪಕ್ಕೆ ಜನ ದೋಣಿಯಲ್ಲಿ ಹೋಗತೊಡಗಿದರು. ಅಲ್ಲಿನ ಹಕ್ಕಿಗಳು ಇಲಿಯನ್ನೇ ಕಂಡಿರಲಿಲ್ಲ. ಎಷ್ಟೋ ಜಾತಿಗಳು ಹಾರುವುದನ್ನೂ ಬಿಟ್ಟಿದ್ದವು. ಜನ ಹಿಡಿದು ತಿಂದರು, ಕಾಡು ಕಡಿದರು. ದೋಣಿಯಲ್ಲಿ ಬಂದ ಇಲಿಗಳು ಮೊಟ್ಟೆ ಮುಗಿಸಿದವು. ಸಾವಿರದಷ್ಟು ಜಾತಿಗಳು ಹೋದವೆಂದು ಅಂದಾಜು. ಎಷ್ಟೋ ಹಕ್ಕಿಗಳು ಇದ್ದವೆಂಬುದಕ್ಕೆ ಗುಹೆಯ ಮಣ್ಣಿನಲ್ಲಿ ಸಿಕ್ಕ ಎಲುಬೇ ಸಾಕ್ಷಿ.

ಖಂಡಪ್ಪ ಕೇಳಿದ್ದು ಒಂದೇ ಮಾತು: "ಆ ದೋಣ್ಯಾಂವಗ ಗೊತ್ತಿತ್ತೇನ್ರಿ?"

ಗೊತ್ತಿರಲಿಕ್ಕಿಲ್ಲ ಎಂದರು ದೇವಿಕಾ.

"ಅಂವಗ ಹೇಳೋರು ಇರಲಿಲ್ಲ. ನನಗ ಹೇಳ್ಯಾರ. ಇನ್ನ ಮ್ಯಾಲ ಆದ್ರ ತಪ್ಪು ನಂದು," ಎನ್ನುತ್ತಾರೆ ಖಂಡಪ್ಪ. ರಿವಾಜನ್ನು ಅವರು ಬಿಟ್ಟಿಲ್ಲ. "ಹತ್ತಿದ ಮ್ಯಾಲ ಈಗೂ ಯಾರನ್ನೂ ಇಳಸಂಗಿಲ್ಲ. ಅದಕ್ಕ ಹತ್ತೂ ಮೊದಲೇ ನೋಡ್ತೀನಿ."

ಪ್ರತಿ ಮಳೆಗಾಲ ಹೊಳೆ ಉಕ್ಕಿ ನಡುಗಡ್ಡೆಯನ್ನು ತೊಳೆದುಬಿಡುತ್ತದೆ, ಇದ್ದ ಇಲಿಗಳೂ ಕೊಚ್ಚಿಹೋಗುತ್ತವೆ. ಬೇಸಿಗೆಯಲ್ಲಿ ಇಲಿಗೆ ಅಲ್ಲಿಗೆ ಸಲೀಸಾದ ದಾರಿ ಈ ಹರಿಗೋಲು. ಚೀಲ, ಬುಟ್ಟಿ, ಹಾಸಿಗೆ, ಏನಿದ್ದರೂ ಬಿಚ್ಚಬೇಕು. ಬೇಸತ್ತ ಗಿರಾಕಿಗಳು ಮೊದಮೊದಲು ಬೈದರು, ಹುಚ್ಚನೆಂದರು. ಹೆಂಡತಿ ಶೇಖಮ್ಮನ ತಕರಾರು ಬೇರೆ: "ಮನ್ಯಾಗ ಜ್ವಾಳದ ಚೀಲಕ್ಕ ಇಲಿ ತೂತು ಹಾಕ್ಯಾವ. ಅದನ್ನ ನೋಡು ಅಂದ್ರ ಈ ಮನಶ್ಯಾಗ ಪುರಸೊತ್ತಿಲ್ಲ."

ಹುಲಿಯ ಪಕ್ಕ ಫೋಟೊ ತೆಗೆಸಿಕೊಂಡವರಿಗೆ ಶಾಲು, ಹಾರ, ವೇದಿಕೆ. ಇಲಿಯನ್ನು ದಂಡೆಯಲ್ಲೇ ತಡೆದವನ ಹೆಸರು ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೂ ಯಾರಿಗೂ ಗೊತ್ತಿಲ್ಲ. ಸತ್ತ ಹಕ್ಕಿಯ ಎಲುಬಿಗೆ ಗಾಜಿನ ಪೆಟ್ಟಿಗೆ ಮಾಡಿಸುವ ನಾವು, ಬಿಸಿ ಆರದ ಮೊಟ್ಟೆಯ ಹತ್ತಿರ ಒಂದು ತಗಡಿನ ಬೋರ್ಡು ನೆಟ್ಟಿಲ್ಲ. ನಾಚಿಕೆಯಾಗಬೇಕು.

ಹಕ್ಕಿಗಳು ಮಾತ್ರ ಮರಳಿವೆ. ಇಲಿ ತಡೆದ ಮೊದಲ ಬೇಸಿಗೆಯಲ್ಲಿ ಒಂಬತ್ತು ಕುಳಿ. ಹೋದ ವರ್ಷ ಇಪ್ಪತ್ತಾರು. ಈ ವರ್ಷ ನಲವತ್ತೊಂದು. ಮೊಟ್ಟೆ ಒಡೆಯಲು ಇನ್ನೊಂದು ವಾರ, ಮರಿ ಹಾರಲು ಆಮೇಲೆ ಸುಮಾರು ಒಂದು ತಿಂಗಳು. ಅಷ್ಟರೊಳಗೆ ಬಸುರಿ ಇಲಿಯೊಂದು ದಾಟಿದರೂ ಸಾಕು, ಎಲ್ಲ ಮುಗಿದಂತೆ.

ಹರಿಗೋಲು ಹೊರಡುವ ಮುನ್ನ ಮನ್ಸೂರಅಲಿ ಯಾರಿಗೋ ಫೋನ್ ಮಾಡುತ್ತಾರೆ. "ನಾಳಿ ನೀ ಬರೂ ಮುಂದ ಮನ್ಯಾಗೇ ಎಲ್ಲಾ ಬಿಚ್ಚಿ ಕೊಡವಿ ತಗೊಂಡ್ ಬಾ. ಇಲ್ಲಂದ್ರ ಕಾಕಾ ಬಿಡಂಗಿಲ್ಲ, ನಾನೂ ಬಿಡಂಗಿಲ್ಲ."

ಆಸೆ ಏನೆಂದು ಕೇಳಿದರೆ ಖಂಡಪ್ಪ ಹುಟ್ಟು ಹಾಕುತ್ತಲೇ ಉತ್ತರಿಸುತ್ತಾರೆ: "ಅವಕ್ಕ ನಾ ಯಾರಂತ ಗುರ್ತಿಲ್ಲರಿ. ಹತ್ರ ಹೋದ್ರ ನೆತ್ತಿಗೇ ಕುಟಕಾಕ ಬರ್ತಾವ. ಬರ್ಲಿ. ಈ ಸಲ ಎಲ್ಲಾ ಮರಿ ಎದ್ದು, ಎಲ್ಲಾ ಕೂಡೇ ಬಂದು ಕುಟಕಲಿ. ರುಮಾಲ ಸುತಗೊಂಡು ಕುಂದರ್ತೀನಿ."