ಅಂದಾಜುಪಟ್ಟಿಯಲ್ಲಿ ನಾನು ಹೊಡೆದುಹಾಕಿದ ಸಾಲು

ನಿವೃತ್ತಿಗೆ ಎರಡು ವರ್ಷವಿರುವಾಗ ನನ್ನನ್ನು ಕತ್ರಿಗುಪ್ಪೆ ಕಡೆಯ ವಿದ್ಯುತ್ ಕಚೇರಿಗೆ ಎಂಜಿನಿಯರ್ ಆಗಿ ಹಾಕಿದರು. ಮನೆಗಳ ತಾರಸಿಗೆ ಸೋಲಾರ್ ಹಾಕಿಸಬೇಕು, ತಿಂಗಳಿಗೆ ಇಷ್ಟು ಎಂದು ಮೇಲಿನಿಂದ ಗುರಿ. ನನಗೂ ಅದರಲ್ಲಿ ನಂಬಿಕೆಯಿತ್ತು. ಕಲ್ಲಿದ್ದಲು ಸುಟ್ಟುಕೊಂಡು ಇನ್ನೆಷ್ಟು ದಿನ?

ಗಿರಿಜಮ್ಮನವರದು ದೋಸೆ ಹಿಟ್ಟಿನ ವ್ಯಾಪಾರ. ಮನೆಯ ಕೆಳಗೆ ಎರಡು ಗ್ರೈಂಡರ್, ಒಂದು ದೊಡ್ಡ ಫ್ರಿಜ್, ಹಿತ್ತಿಲಲ್ಲಿ ಡೀಸೆಲ್ ಜನರೇಟರ್. ಅದರ ಹೊಗೆಗೆ ಅಕ್ಕಪಕ್ಕದವರ ಜಗಳ. ಯಡಿಯೂರಿನ ಒಂದು ಹೋಟೆಲ್ಲಿಗೆ ಅವರ ಹಿಟ್ಟೇ ಹೋಗುತ್ತಿತ್ತು. ಸಂಸಾರ ನಡೆಯುತ್ತಿದ್ದುದು ಅದರಿಂದಲೇ.

ಅವರ ಮನೆಯ ಸೋಲಾರ್‌ಗೆ ಅಂದಾಜುಪಟ್ಟಿ ಬರೆಯುವಾಗ ಬ್ಯಾಟರಿಯನ್ನೂ ಸೇರಿಸಿದ್ದೆ. ಒಟ್ಟು ನೋಡಿದರೆ ಎಂಥವರೂ ಹೆದರಬೇಕು. ನಮ್ಮ ಕಚೇರಿಯ ವಾಡಿಕೆಯಂತೆ ಆ ಸಾಲನ್ನು ಹೊಡೆದುಹಾಕಿ, ಹೊಸ ಹಾಳೆಯಲ್ಲಿ ನಕಲು ಮಾಡಿ ಕೊಟ್ಟೆ.

“ಕರೆಂಟ್ ಹೋದ್ರೆ ಇದು ಓಡತ್ತಾ ಸಾರ್?”

“ಈಗೆಲ್ಲಮ್ಮ ಹೋಗತ್ತೆ ಕರೆಂಟು!” ಅಂದೆ. ಸುಳ್ಳಲ್ಲ. ಉತ್ತರವೂ ಅಲ್ಲ.

ಪ್ಯಾನಲ್ ಬಂತು, ಜನರೇಟರ್ ಗುಜರಿಗೆ ಹೋಯಿತು. “ಪಕ್ಕದ್ಮನೆ ಆಂಟಿ ಈಗ ನನ್ನ ನೋಡಿ ನಗ್ತಾರೆ ಸಾರ್, ಅದೇ ಭಯ” ಎಂದು ಗಿರಿಜಮ್ಮ ನಕ್ಕರು.

ಮುಂದಿನ ಬೇಸಿಗೆಯಲ್ಲಿ ಕರೆಂಟಿಗೆ ಅಭಾವ ಬಂತು. ಹಗಲು ನಾಲ್ಕು ಗಂಟೆ ಒಂದು ಫೀಡರ್, ಅಂದರೆ ಒಂದು ಬಡಾವಣೆಯ ಲೈನು, ಬಂದ್ ಮಾಡಲೇಬೇಕು. ಒಂದರಲ್ಲಿ ಆಸ್ಪತ್ರೆ, ಇನ್ನೊಂದರಲ್ಲಿ ಗಿರಿಜಮ್ಮನ ಬೀದಿ. ಗಿರಿಜಮ್ಮನ ಲೈನು ಬಂದ್ ಎಂದು ಸಹಿ ಹಾಕಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಇವತ್ತು ಕೇಳಿದರೂ ಅಲ್ಲೇ ಹಾಕುತ್ತೇನೆ.

ಮೂರನೆಯ ದಿನ ಹುಳಿಯಾಗಿ ಉಕ್ಕಿದ ಹಿಟ್ಟಿನ ಡಬ್ಬಿ ಹಿಡಿದುಕೊಂಡು ಅವರು ಕಚೇರಿಗೇ ಬಂದರು.

“ಬಿಸ್ಲು ಹಿಂಗ್ ಸುಡ್ತಿದೆ, ಪ್ಯಾನಲ್ ಯಾಕ್ ಸಾರ್ ಸತ್ತಿದೆ?”

ಲೈನು ಬಂದಾದರೆ ಪ್ಯಾನಲ್ಲೂ ತಾನಾಗಿ ನಿಲ್ಲುತ್ತದೆ. ಇಲ್ಲದಿದ್ದರೆ ಅದರ ಕರೆಂಟು ಲೈನಿಗೆ ಹರಿದು, ರಿಪೇರಿಗೆ ಕಂಬ ಹತ್ತಿದವನು ಸಾಯುತ್ತಾನೆ. ಬ್ಯಾಟರಿ ಇದ್ದಿದ್ದರೆ ಮನೆಯ ಮಟ್ಟಿಗೆ ಓಡಿಸಬಹುದಿತ್ತು. ಇಷ್ಟನ್ನೂ ವಿವರಿಸಿದೆ.

“ಕಂಬ ಹತ್ತೋರು ಬದುಕ್ಲಿ, ಪಾಪ. ನಿಮಗಿದು ಅವತ್ತೇ ಗೊತ್ತಿತ್ತಾ?”

“ಗೊತ್ತಿತ್ತಮ್ಮ.”

“ಒಂದ್ ಮಾತು ಹೇಳಿದ್ರೆ ಜನರೇಟರ್ ಇಟ್ಕೊಂಡಿರ್ತಿದ್ನಲ್ಲ ಸಾರ್.”

ಹೋಟೆಲ್ಲಿನವರು ಬೇರೆಯವರನ್ನು ಹಿಡಿದರು. ಗ್ರೈಂಡರ್‌ಗಳು ಮಾರಾಟವಾದವು. ಗಿರಿಜಮ್ಮ ಜೆ.ಪಿ. ನಗರದ ಯಾರದೋ ಮನೆಗೆ ಅಡುಗೆಗೆ ಸೇರಿಕೊಂಡರು. ಬಳಸುವವರಿಲ್ಲದೆ ಅವರ ತಾರಸಿಯ ಕರೆಂಟೆಲ್ಲ ನಮ್ಮ ಲೈನಿಗೇ ಹರಿಯಿತು. ತಿಂಗಳ ವರದಿಯಲ್ಲಿ ಅದನ್ನೇ ಉತ್ತಮ ಸಾಧನೆ ಎಂದು ತೋರಿಸಿದೆವು.

ಅಪಾಯ ಒಂದು ಕಡೆ, ಖರ್ಚು ಒಂದು ಕಡೆ ಇಟ್ಟು ತೂಗುವುದೇ ನನ್ನ ಕೆಲಸವಾಗಿತ್ತು. ತೂಗಿದ್ದು ತಪ್ಪಲ್ಲ. ನಷ್ಟ ಹೊರಬೇಕಾದವರಿಗೆ ತಕ್ಕಡಿ ಕಾಣದಂತೆ ತೂಗಿದೆ, ಅಷ್ಟೆ. ಆಮೇಲಿನ ಪಟ್ಟಿಗಳಲ್ಲಿ ಬ್ಯಾಟರಿಯ ಸಾಲನ್ನು ಹೊಡೆಯದೆ ಹಾಗೇ ಉಳಿಸಿದೆ. ಎಷ್ಟೋ ಜನ ಓದಿ, ಸೋಲಾರೇ ಬೇಡ ಅಂದರು. ಗುರಿ ಮುಟ್ಟಲಿಲ್ಲವೆಂದು ನನಗೆ ಮೆಮೊ ಬಂತು. ಪೂರ್ತಿ ಓದಿ, ಸಹಿ ಹಾಕಿ ತೆಗೆದುಕೊಂಡೆ.