ಕೈ ಬಿಗಿ ಮಾಡಿ ಪಡೆದ ಮನೆ

ನಮ್ಮವರ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ ಎಂಬುದು ಮದುವೆಯಾದ ಮೊದಲ ವಾರದಲ್ಲೇ ನನಗೆ ಗೊತ್ತಾಗಿತ್ತು. ಕುಡಿತ ಇಲ್ಲ, ಇಸ್ಪೀಟು ಇಲ್ಲ, ಒಂದು ಬೀಡಿ ಕೂಡ ಇಲ್ಲ. ಇದ್ದದ್ದು ಕೊಡುವ ಚಟ. ಮುಂಬಯಿಯ ಕುರ್ಲಾ ಸ್ಟೇಷನ್ನಿನ ಹೊರಗೆ ನಮ್ಮದೊಂದು ಸಣ್ಣ ಹೋಟೆಲಿತ್ತು. ಗಲ್ಲಾದಲ್ಲಿ, ಅಂದರೆ ಬಾಗಿಲ ಪಕ್ಕದ ದುಡ್ಡಿನ ಪೆಟ್ಟಿಗೆಯ ಹಿಂದೆ, ಇವರೇ ಕೂರುತ್ತಿದ್ದರು. ಊಟ ಮಾಡಿ ಎದ್ದವನ ಮುಖ ಸ್ವಲ್ಪ ಬಾಡಿದ್ದರೆ ಸಾಕು, "ಇರಲಿ ಬಿಡಿ, ಪಗಾರ ಆದ ಮೇಲೆ ಕೊಡಿ" ಎನ್ನುತ್ತಿದ್ದರು. ಪಗಾರ ಆಗುತ್ತಿತ್ತು, ಅವನು ಎದುರಿನ ಹೋಟೆಲಿಗೆ ಹೋಗುತ್ತಿದ್ದ. ನಮ್ಮ ಕಡೆ ತಲೆ ಹಾಕಿದರೆ ಹಳೇ ಬಾಕಿ ಕೇಳಿಯಾರು ಎಂಬ ಹೆದರಿಕೆಯಂತೆ! ಇವರು ಕೇಳುವುದುಂಟಾ? ಆ ಜನ್ಮವೇ ಅಲ್ಲ ಅದು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಹೋಟೆಲು ಮುಳುಗಿತು. ದಿನಸಿ ಕೊಡುತ್ತಿದ್ದ ಅಂಗಡಿಯವನು ಕೋರ್ಟಿಗೆ ಹೋದ. ತೀರ್ಪು ಅವನ ಕಡೆ ಆಯಿತು. ಆಗದೆ ಏನು? ಕೊಡಬೇಕಾದ್ದು ನಿಜವೇ ಆಗಿತ್ತು. ಮೇಜು, ಬೆಂಚು, ರುಬ್ಬುವ ಕಲ್ಲು ಎಲ್ಲ ಹರಾಜಾದವು. ನನ್ನ ಬಳೆಗಳೂ ಹೋದವು. ಉಳಿದ ಸಾಲವನ್ನು ಇವರು ಫೋರ್ಟ್ ಪೇಟೆಯ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾ ನೋಡುವ ಕೆಲಸಕ್ಕೆ ಸೇರಿ, ತಿಂಗಳು ತಿಂಗಳು ಕಟ್ಟಿ ತೀರಿಸಿದರು. ಮಾಲಕ ಬೇರೆ, ದುಡ್ಡು ಬೇರೆಯವರದ್ದು. ಹಾಗಾಗಿ ಅಲ್ಲಿ ಧಾರಾಳ ತೋರಿಸಲಿಕ್ಕೆ ಬರುವುದಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ನನ್ನ ಬುದ್ಧಿಗಿಷ್ಟು!

ಆಗ ನಾವಿದ್ದದ್ದು ಬಾಂದ್ರಾದ ಒಂದು ಚಾಳಿನ ಅರ್ಧ ಖೋಲಿಯಲ್ಲಿ. ಅರ್ಧ ಎಂದರೆ ಅರ್ಧವೇ. ಇದ್ದ ಒಂದೇ ಕೋಣೆಯ ನಡುವೆ ಒಂದು ಪರದೆ, ಆಚೆ ಇನ್ನೊಂದು ಸಂಸಾರ. ಅವರ ಮನೆಯ ಗಂಡಸು ಮಗ್ಗುಲು ಬದಲಿಸಿದ್ದು ನಮಗೆ ಗೊತ್ತಾಗುತ್ತಿತ್ತು, ನಮ್ಮ ಜಗಳ ಅವರಿಗೆ. ಚಿಕ್ಕ ಮಗು ಇದ್ದಾಗ ಹೇಗೋ ನಡೆಯಿತು. ಆದರೆ ಮಗಳು ದೊಡ್ಡವಳಾದಳು. ಬಟ್ಟೆ ಬದಲಿಸಬೇಕಾದರೆ ನಾನು ಪರದೆಯ ಹತ್ತಿರ ಕಾವಲು ನಿಲ್ಲಬೇಕು. ಒಂದು ದಿನ ಅವಳು, "ಅಮ್ಮ, ನನ್ನನ್ನು ಊರಿಗೆ ಕಳಿಸಿಬಿಡು, ಅಲ್ಲಿ ದೊಡ್ಡಮ್ಮನ ಮನೆಯಲ್ಲಿ ಇರುತ್ತೇನೆ" ಎಂದಳು. ಒಬ್ಬಳೇ ಮಗಳು ಹೀಗೆ ಹೇಳಿದರೆ ಯಾವ ತಾಯಿಗೆ ಅನ್ನ ಇಳಿಯುತ್ತದೆ ಹೇಳಿ. ಆವತ್ತೇ ನಾನು ಇವರಿಗೆ ಹೇಳಿದೆ, "ನನಗೆ ಬಳೆ ಬೇಡ, ಸೀರೆ ಬೇಡ. ಇವಳು ಇನ್ನೊಬ್ಬರ ಮನೆಗೆ ಹೋಗುವ ಮೊದಲು ಒಂದು ಸ್ವಂತ ಮನೆ ಮಾಡಿ."

ಆ ದಿನಗಳಲ್ಲೇ ಸರಕಾರದ ಮನೆ ಯೋಜನೆಯ ಸುದ್ದಿ ಬಂತು. ಪವಾಯಿ ಕಡೆ ಸಾಲಾಗಿ ಬಿಲ್ಡಿಂಗುಗಳು ಏಳುತ್ತಿದ್ದವು. ಸ್ವಲ್ಪ ಹಣ ಮೊದಲು ಕಟ್ಟಿದರೆ ಮಿಕ್ಕದ್ದು ಸಾಲ, ಸರಕಾರವೇ ಹೊಣೆ, ವರ್ಷಗಟ್ಟಲೆ ಕಂತು. ನಮ್ಮಂಥ ಸಣ್ಣ ಪಗಾರದವರಿಗೆಂದೇ ಮಾಡಿದ್ದು. ಆ ಸಾಲದ ಆಫೀಸು ಇದ್ದದ್ದು ಇವರ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ. ಅರ್ಜಿಗಳನ್ನು ನೋಡುವ ಸಾಹೇಬರು ದಿನಾ ಮಧ್ಯಾಹ್ನ ಇವರ ಹೋಟೆಲಿಗೇ ಬರುತ್ತಿದ್ದರು. ಇಡ್ಲಿ, ಕಾಫಿ, ಎಂಟಾಣೆ ಇಟ್ಟು, ತಲೆಯಾಡಿಸಿ ಹೋಗುವುದು. ಮರಾಠಿಯವರು, ಮಿತಭಾಷಿ.

ಇವರು ಅರ್ಜಿ ಹಾಕಿದರು. ಕೋರ್ಟಿನ ಹಳೇ ಕತೆಯನ್ನು ಮುಚ್ಚಿಡಲಿಲ್ಲ, ಅದೊಂದು ಗುಣ. ಸಾಹೇಬರು ಗಲ್ಲಾದ ಹತ್ತಿರ ನಿಂತು, "ಸಾಲ ಪೂರ್ತಿ ತೀರಿದೆ ಎಂದು ಕೋರ್ಟಿನಿಂದ ಕಾಗದ ತನ್ನಿ. ಸೋತವನು ಎದ್ದು ನಿಲ್ಲಬಾರದು ಎಂದು ಕಾನೂನಿನಲ್ಲಿ ಇಲ್ಲ" ಎಂದರಂತೆ. ಇವರು ಅದನ್ನು ಹೇಳುವಾಗ ಕಣ್ಣು ಒರೆಸಿಕೊಂಡರು. ಕಾಗದ ತಂದದ್ದಾಯಿತು. ಜಾಮೀನಿಗೆ ನನ್ನ ತಮ್ಮ ಮತ್ತು ಹೋಟೆಲಿನ ಮಾಲಕರು ರುಜು ಹಾಕಿದರು. ಎಲ್ಲ ಸರಿಯಾಗಿಯೇ ಹೋಗುತ್ತಿತ್ತು ಮಾರಾಯ್ರೆ, ಎಲ್ಲ!

ಒಂದು ಸಂಜೆ ಇವರು ಮನೆಗೆ ಬಂದದ್ದೇ ಕುಣಿದುಕೊಂಡು. ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ. "ಆಯಿತು ಮಾರಾಯ್ತಿ! ಫೈಲು ಮೇಜಿನ ಮೇಲುಂಟಂತೆ, ನಾಳೆ ರುಜು ಹಾಕಿ ಮೇಲೆ ಕಳಿಸುತ್ತೇನೆ ಎಂದರು ಸಾಹೇಬರು."

ನಾನು ದೇವರಿಗೆ ಕೈ ಮುಗಿದೆ. ಮಗಳು ಮೈಸೂರುಪಾಕು ಮುರಿದು ಬಾಯಿಗೆ ಹಾಕಿಕೊಂಡಳು. ಆಗ ಇವರು ಉಳಿದ ಕತೆ ಹೇಳಿದರು, ಎದೆ ಉಬ್ಬಿಸಿಕೊಂಡು.

ಸಾಹೇಬರು ಎಂದಿನಂತೆ ಎಂಟಾಣೆ ಇಟ್ಟರಂತೆ. ಇವರು, "ಇವತ್ತು ನಿಮ್ಮ ಕೈಯಿಂದ ದುಡ್ಡು ತೆಗೆದುಕೊಂಡರೆ ದೇವರು ಮೆಚ್ಚುವುದಿಲ್ಲ, ನನ್ನ ಲೆಕ್ಕದಲ್ಲಿ ಇರಲಿ" ಎಂದು ಹಿಂದಕ್ಕೆ ದೂಡಿದರಂತೆ. ಸಾಹೇಬರು ಕೇಳದೆ ನಾಣ್ಯ ಅಲ್ಲೇ ಬಿಟ್ಟು ಹೊರಟರು. ಇವರು ಸುಮ್ಮನಿರಬೇಕೋ ಬೇಡವೋ? ಗಲ್ಲಾ ಬಿಟ್ಟು ಓಡಿದ್ದಾರೆ! ಫೋರ್ಟಿನ ಫುಟ್‌ಪಾತಿನಲ್ಲಿ, ಊಟದ ಹೊತ್ತು, ಆಫೀಸುಗಳೆಲ್ಲ ಹೊರಗೆ ಬಂದಿರುವಾಗ, ಸಾಹೇಬರನ್ನು ಹಿಡಿದು ನಿಲ್ಲಿಸಿ, ಬೇಡ ಬೇಡ ಎನ್ನುತ್ತಿದ್ದಂತೆ ಅವರ ಶರ್ಟಿನ ಕಿಸೆಗೆ ದುಡ್ಡು ತುರುಕಿ ಬಂದಿದ್ದಾರೆ.

"ಕಿಸೆಗೇ ಹಾಕಿ ಬಂದೆ! ಎಲ್ಲಿಗೆ ಹೋಗುತ್ತಾರೆ?" ಎಂದು ನಕ್ಕರು.

ನಾನು ಹಣೆ ಚಚ್ಚಿಕೊಂಡೆ. "ಅಯ್ಯೋ ನನ್ನ ಕರ್ಮವೇ! ದಾರಿಯಲ್ಲಿ ನೋಡಿದವರಿಗೆ ಏನು ಕಾಣಿಸಿತು ಹೇಳಿ? ಅರ್ಜಿ ಹಾಕಿದವನು ಅರ್ಜಿ ನೋಡುವವರ ಕಿಸೆಗೆ ದುಡ್ಡು ಹಾಕಿದ!"

"ಅವರ ದುಡ್ಡು ಅವರಿಗೆ ಕೊಟ್ಟೆ, ಅದರಲ್ಲೇನು?" ಎಂದರು ಇವರು. ಆದರೆ ಮುಖ ಆಗಲೇ ಬಿಳಿಚಿಕೊಂಡಿತ್ತು.

ಮರುದಿನ ಸಾಹೇಬರು ಬರಲಿಲ್ಲ. ಅವರ ಆಫೀಸಿನ ಜವಾನ ಬಂದು ಎಂಟಾಣೆ ಮೇಜಿನ ಮೇಲಿಟ್ಟು, ಒಂದು ಮಾತು ಹೇಳಿ ಹೋದ. ಆಫೀಸಿನವರೇ ಇಬ್ಬರು ಫುಟ್‌ಪಾತಿನಲ್ಲಿ ನಿಂತು ನೋಡಿದ್ದರಂತೆ. ಮಾತು ಮೇಲಿನವರೆಗೆ ಹೋಗಿತ್ತು. ಸಾಹೇಬರು ತಾವಾಗಿಯೇ, ಈ ಅರ್ಜಿದಾರ ನನಗೆ ಪರಿಚಯದವನು, ಫೈಲನ್ನು ಬೇರೆಯವರು ನೋಡಲಿ ಎಂದು ಬರೆದು ಕೈ ಬಿಟ್ಟಿದ್ದರು. ಆಮೇಲೆ ಅವರು ಆ ಹೋಟೆಲಿನ ಮೆಟ್ಟಿಲು ಹತ್ತಲೇ ಇಲ್ಲ. ಪಾಪ, ಯಾರಿಂದಲೂ ಒಂದು ಲೋಟ ನೀರು ಕೂಡ ಪುಕ್ಕಟೆ ಕುಡಿಯದ ಮನುಷ್ಯ. ನಮ್ಮಿಂದ ಅವರಿಗೆ ಆ ಹೆಸರು ಬಂತಲ್ಲ ಎಂದು ಈಗಲೂ ಸಂಕಟವಾಗುತ್ತದೆ.

ಹೊಸ ಸಾಹೇಬರು ಫೈಲನ್ನು ಮೊದಲಿನಿಂದ ಓದಿದರು. ಕೋರ್ಟು, ಹರಾಜು, ಮುಳುಗಿದ ಹೋಟೆಲು. ಇವರನ್ನು ಕರೆಸಿ, "ಸಾಲ ತೀರಿಸಿದ್ದೀರಿ, ಒಪ್ಪಿದೆ. ಆದರೆ ನಿಮ್ಮ ಕೈಯಲ್ಲಿ ದುಡ್ಡು ನಿಲ್ಲುತ್ತದೆ ಎಂದು ನಾನು ಹೇಗೆ ನಂಬಲಿ? ಪೋಸ್ಟಿನಲ್ಲಿ ಖಾತೆ ತೆಗೆಯಿರಿ. ತಪ್ಪದೆ ತಿಂಗಳು ತಿಂಗಳು ಕಟ್ಟಿ. ಮುಂದಿನ ಸಲ ಬಿಲ್ಡಿಂಗು ಏಳುವಾಗ ಆ ಪಾಸ್‌ಬುಕ್ಕು ಹಿಡಿದು ಬನ್ನಿ" ಎಂದು ಅರ್ಜಿ ವಾಪಸು ಕೊಟ್ಟರು. ಅನ್ಯಾಯ ಎನ್ನಲಿಕ್ಕೆ ಬರುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಆದರೆ ಮನೆಯಲ್ಲಿ ನಾನು ಆಡಿದ ಮಾತು! ಪರದೆಯ ಆಚೆಯವರು ಕೇಳಲಿ ಎಂದೇ ಗಟ್ಟಿಯಾಗಿ ಆಡಿದೆ. "ಕಂಡವರ ಹೊಟ್ಟೆ ತುಂಬಿಸಿ ಹೆಂಡತಿ ಮಕ್ಕಳನ್ನು ಬೀದಿಗೆ ಹಾಕುವ ದೊಡ್ಡ ಮನುಷ್ಯರು ನೀವು. ಮಗಳ ಮುಖ ನೋಡಿಯಾದರೂ ಆ ಕೈಗೆ ಒಂದು ಬೇಡಿ ಹಾಕಿಕೊಳ್ಳಿ." ಆವರೆಗೆ ನನ್ನ ಎಲ್ಲ ಬೈಗುಳಕ್ಕೂ ಏನಾದರೊಂದು ತಮಾಷೆ ಮಾಡಿ ನನ್ನನ್ನು ನಗಿಸಿಬಿಡುತ್ತಿದ್ದ ಮನುಷ್ಯ, ಆ ದಿನ ಸುಮ್ಮನೆ ಎದ್ದು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದರು.

ಅಲ್ಲಿಂದ ಇವರು ಬದಲಾದರು. ಪಗಾರ ಆದ ದಿನವೇ ಪೋಸ್ಟಾಫೀಸು. ಮೊದಲೆಲ್ಲ ಊರಿನಿಂದ ಬಂದ ಯಾರನ್ನಾದರೂ ಹೇಳದೆ ಕೇಳದೆ ಕರೆದುಕೊಂಡು ಬಂದು, ಆ ಅರ್ಧ ಖೋಲಿಯಲ್ಲಿ ಕೂರಿಸಿ, "ಇದ್ದದ್ದು ಬಡಿಸು" ಎನ್ನುವುದಿತ್ತು. ನಾನು ಗೊಣಗುತ್ತಾ ನನ್ನ ಪಾಲಿನದನ್ನೇ ಬಡಿಸುತ್ತಿದ್ದೆ. ಅದು ನಿಂತಿತು. ದಾರಿಯಲ್ಲಿ ಊರಿನವರು ಸಿಕ್ಕಿದರೆ ಇವರು ಆಚೆ ಬದಿಗೆ ದಾಟುತ್ತಾರೆ ಎಂದು ನನ್ನ ತಮ್ಮ ಹೇಳಿದ. ನನಗೆ ಎಷ್ಟು ಖುಷಿಯಾಯಿತು ಗೊತ್ತಾ! ಅಂತೂ ಬುದ್ಧಿ ಬಂತು, ದೇವರು ಕಣ್ಣು ಬಿಟ್ಟ ಎಂದುಕೊಂಡೆ.

ಒಮ್ಮೆ ಪಗಾರದ ಸರ್ಟಿಫಿಕೇಟು ತರಲಿಕ್ಕೆ ನಾನೇ ಫೋರ್ಟಿಗೆ ಹೋಗಿದ್ದೆ. ಗಲ್ಲಾದ ಮುಂದೆ ಒಬ್ಬ ಬಡಪಾಯಿ ಕಿಸೆ ತಡಕುತ್ತಿದ್ದ. ಹತ್ತು ಪೈಸೆ ಕಮ್ಮಿ. ಇವರು ಅವನ ಮುಖ ನೋಡದೆ, "ಬದಿಗೆ ನಿಲ್ಲು, ಹುಡುಕಿ ಕೊಡು" ಎಂದರು. ಅವನು ಬದಿಗೆ ನಿಂತ. ತಿಂದು ಹೋಗುವವರೆಲ್ಲ ಅವನನ್ನು ನೋಡಿಕೊಂಡು ಹೋದರು. ಮಾಲಕರು ನನ್ನ ಹತ್ತಿರ, "ಈಗ ನಿಮ್ಮವರು ಗಲ್ಲಾದಲ್ಲಿದ್ದರೆ ನಾನು ನಿಶ್ಚಿಂತೆಯಿಂದ ಊರಿಗೆ ಹೋಗಿ ಬರಬಹುದು" ಎಂದರು. ನನಗೆ ಹೆಮ್ಮೆಯಾಯಿತು. ಎಲ್ಲೋ ಒಂದು ಕಡೆ ಚುಚ್ಚಿತು ಕೂಡ. ಆದರೆ ನನ್ನ ಕಣ್ಣ ಮುಂದೆ ಮಗಳಿದ್ದಳು, ಚುಚ್ಚಿದ್ದನ್ನು ಅಲ್ಲೇ ಒರೆಸಿ ಹಾಕಿದೆ.

ಮುಂದಿನ ಸಲ ಸಾಲ ಮಂಜೂರಾಯಿತು. ಪಾಸ್‌ಬುಕ್ಕು ನೋಡಿದ ಆ ಸಾಹೇಬರು ಎದ್ದು ನಿಂತು ಇವರ ಕೈ ಕುಲುಕಿದರಂತೆ. ಎರಡು ಕೋಣೆ, ಒಳಗೇ ನಲ್ಲಿ, ಒಳಗೇ ಬಚ್ಚಲು. ಮಗಳು ಆಗ ಕಾಲೇಜಿಗೆ ಸೇರಿದ್ದಳು. ತನ್ನ ಕೋಣೆಯ ಬಾಗಿಲು ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು, ಒಳಗಿನಿಂದ ನಗುವುದು. ಆ ನಗುವಿಗಾಗಿ ನಾನು ಇನ್ನೊಮ್ಮೆ ಬೇಕಾದರೂ ಬಳೆ ಮಾರುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಆ ತಿಂಗಳು ನನ್ನಷ್ಟು ಸುಖಿ ಇಡೀ ಮುಂಬಯಿಯಲ್ಲಿ ಯಾರೂ ಇರಲಿಲ್ಲ.

ಗೃಹಪ್ರವೇಶಕ್ಕೆ ಯಾರನ್ನೂ ಕರೆಯುವುದು ಬೇಡ ಎಂದರು ಇವರು. ಖರ್ಚು. ಕಂತು ಹಗುರಾಗಲಿ, ಆಮೇಲೆ ನೋಡುವ ಎಂದರು. ನಾನು ಹೂಂ ಎಂದೆ.

ಒಂದು ಭಾನುವಾರ ಬಾಗಿಲು ಬಡಿದ ಸದ್ದು. ತೆಗೆದರೆ ಕುರ್ಲಾದ ನಮ್ಮ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಭಟ್ಟರು! ಹೋಟೆಲು ಮುಳುಗುವ ಕೊನೆಯ ತಿಂಗಳುಗಳಲ್ಲಿ ಸಂಬಳವಿಲ್ಲದೆ ದುಡಿದು, ಕೇಳದೆ ಹೋದವರು. ಈಗ ಮುದುಕರಾಗಿದ್ದರು. ಮಾಟುಂಗಾದಲ್ಲಿ ಮದುವೆ ಮುಂಜಿಗಳ ಅಡುಗೆಗೆ ಹೋಗುತ್ತಾರಂತೆ. ನಮ್ಮ ಮನೆಯ ಸುದ್ದಿ ಯಾರೋ ಹೇಳಿದರಂತೆ, ನೋಡುವ ಆಸೆಯಾಯಿತಂತೆ. ಬಾಳೆಕಾಯಿ ಚಿಪ್ಸಿನ ಪೊಟ್ಟಣ ನನ್ನ ಕೈಗಿಟ್ಟು, ಎರಡೂ ಕೋಣೆ ತಿರುಗಿ, ನಲ್ಲಿ ಬಿಟ್ಟು ನೋಡಿ, ಮೂಗರಳಿಸಿ, "ಸೌತೆಕಾಯಿ ಹುಳಿಗೆ ಕೊತ್ತಂಬರಿ ಸ್ವಲ್ಪ ಜಾಸ್ತಿ ಹುರಿದಿರಿ ಅಮ್ಮ" ಎಂದು ನನ್ನನ್ನು ಛೇಡಿಸಿದರು. ನಾನು ನಗುತ್ತಾ ಒಳಗೆ ಹೋಗಿ ಇನ್ನೊಂದು ಪಾವು ಅಕ್ಕಿ ತೊಳೆದೆ.

ಇವರು ಹಿಂದೆಯೇ ಬಂದರು. ದನಿ ತಗ್ಗಿಸಿ, "ಅಕ್ಕಿ ಇಡಬೇಡ. ಕಾಫಿ ಕೊಟ್ಟು ಕಳಿಸು. ಒಮ್ಮೆ ಎಲೆ ಹಾಕಿದರೆ ಭಾನುವಾರ ಭಾನುವಾರ ಬಂದು ಕೂರುತ್ತಾರೆ. ಹಳೇ ಸಂಬಳ ಕೇಳಲಿಕ್ಕೇ ಬಂದಿರಬೇಕು" ಎಂದರು.

ದನಿ ತಗ್ಗಿಸಿದರೂ ಎರಡು ಕೋಣೆಯ ಮನೆ. ಹೊರಗೆ ಚಪ್ಪಲಿ ಮೆಟ್ಟುವ ಸದ್ದು ಕೇಳಿತು. "ಬರುತ್ತೇನೆ ಧಣಿ, ಸಂಜೆಗೊಂದು ಅಡುಗೆ ಒಪ್ಪಿಕೊಂಡಿದ್ದೇನೆ" ಎಂದು ಭಟ್ಟರು ಹೊರಟೇಬಿಟ್ಟರು. ನಾನು ಒದ್ದೆ ಕೈಯಲ್ಲೇ ಮೆಟ್ಟಿಲಿಳಿದು ಓಡಿದೆ. ಕೆಳಗಿನ ಅಂಗಳದಲ್ಲಿ ಸಿಕ್ಕಿದರು.

"ಭಟ್ರೇ, ಉಂಡುಕೊಂಡು ಹೋಗಿ. ಬೇಜಾರು ಮಾಡಬೇಡಿ. ಅವರು ಹಾಗಿರಲಿಲ್ಲ, ನಿಮಗೆ ಗೊತ್ತಲ್ಲ."

"ಬೇಜಾರು ಎಂಥದ್ದಮ್ಮ?" ಎಂದರು ಅವರು. ಮುಖದಲ್ಲಿ ಕುಹಕ ಇರಲಿಲ್ಲ, ಮನಸ್ಸಿನಿಂದಲೇ ಹೇಳಿದರು. "ನನಗೆ ನಿಜವಾಗಿ ಸಂತೋಷವಾಯಿತು. ಧಣಿಗಳು ಈಗ ಸರಿಯಾಗಿದ್ದಾರೆ. ಕುರ್ಲಾದಲ್ಲಿ ಹೀಗಿದ್ದಿದ್ದರೆ ನಮ್ಮ ಹೋಟೆಲು ಇವತ್ತಿಗೂ ನಡೆಯುತ್ತಿತ್ತು."

ವರ್ಷಗಟ್ಟಲೆ ನಾನೇ ಬಡಬಡಿಸಿದ ಮಾತು ಅದು. ಅವರ ಬಾಯಲ್ಲಿ ಕೇಳಿದಾಗ ತಡೆಯಲಿಕ್ಕಾಗಲಿಲ್ಲ. "ಹಾಗೆ ಹೇಳಬೇಡಿ ಭಟ್ರೇ" ಎಂದು ಅಲ್ಲೇ ನಿಂತು ಅತ್ತುಬಿಟ್ಟೆ. ನಾನು ಯಾಕೆ ಅಳುತ್ತಿದ್ದೇನೆ ಎಂದು ಅವರಿಗೆ ಹೊಳೆಯಲಿಲ್ಲ. ಒಳ್ಳೆಯದಾಗಲಿ ಎಂದು ಹೇಳಿ ಬಸ್ ಸ್ಟಾಪಿನ ಕಡೆಗೆ ನಡೆದರು.

ಮೇಲೆ ಬಂದಾಗ ಇವರು ಬಾಗಿಲಲ್ಲೇ ನಿಂತಿದ್ದರು.

"ಏನು ಕೇಳಿದರು?" ಎಂದರು. "ಸಂಬಳವಾ?"

"ಏನೂ ಕೇಳಲಿಲ್ಲ" ಎಂದೆ.