ಚನ್ನಬಸಯ್ಯನವರ ಬೆಳ್ಳಿ

ಟಿಳಕವಾಡಿಯಲ್ಲಿ ಬೆಳ್ಳಿ ಸಾಮಾನು ತಿಕ್ಕಿ ಹೊಳಪು ಕೊಡುವ ಚನ್ನಬಸಯ್ಯನವರ ಅಂಗಡಿಗೆ ಕಾಲ್ಗೆಜ್ಜೆ ತಂದವರು ಖಾನಾಪುರದ ಬಸ್ಸಿನ ಆಸೆ ಬಿಡಬೇಕು. “ಕುಂದರ್ರಿ” ಎಂದು ಸ್ಟೂಲು ಸರಿಸಿ, ಗೆಜ್ಜೆಯನ್ನು ನೊರೆನೀರಿಗೆ ಅದ್ದುತ್ತಲೇ ಶುರು: “ಮರಾಠಿಯೊಳಗ ಚಾಂದಿ ಅಂತಾರ, ಅದು ಚಂದ್ರನಿಂದ ಬಂದದ್ದು. ನಮ್ಮ ಬೆಳ್ಳಿ ಹುಟ್ಟಿದ್ದು ಬಿಳೀ ಬಣ್ಣದಿಂದ. ಮುಂಜಾನಿ ಮೂಡೂ ಚುಕ್ಕಿಗೂ ಬೆಳ್ಳಿ ಅಂತೀವಲ್ರೀ!” ಕೇಳುವವರು ಸಿಗದ ದಿನ ತಿಕ್ಕಲು ಬಂದ ಆರತಿ ತಟ್ಟೆಗೇ ಇದನ್ನೆಲ್ಲ ಹೇಳುತ್ತಾರೆಂದು ಪಕ್ಕದಂಗಡಿಯ ಪಂಢರಿನಾಥನ ದೂರು. ಕಪ್ಪಾದ ಒಡವೆ ಕಂಡರಂತೂ ಅವರಿಗೆ ಸಿಟ್ಟು: “ಕಪಾಟಿನ್ಯಾಗ ಇಟ್ರ ಕರ್ರಗಾಗ್ದ ಇನ್ನೇನಾಗ್ತೈತ್ರಿ? ಮೈಮ್ಯಾಲ ಇದ್ರ ಬೆಳ್ಳಗಿರ್ತೈತಿ. ತನ್ನ ಹೆಸರು ಉಳಿಸ್ಕೊಳ್ಳಾಕ ಅದಕ್ಕ ಮನಷ್ಯಾರ ಮೈ ಬೇಕು.” ಹೀಗೆನ್ನುತ್ತ ಬಗ್ಗಿದಾಗ ಅಂಗಿಯೊಳಗಿಂದ ಎರಡು ಬೆಳ್ಳಿ ಕರಡಿಗೆಗಳು ಜೋತುಬೀಳುತ್ತವೆ. ಒಂದರಲ್ಲಿ ಅವರ ಇಷ್ಟಲಿಂಗವಿದೆ. ಇನ್ನೊಂದು ಖಾಲಿ. “ಎರಡ್ಯಾಕ್ರೀ?” ಎಂದು ಯಾರಾದರೂ ಕೇಳಿದರೆ, ಮಾತಿನ ಮಲ್ಲ ಚನ್ನಬಸಯ್ಯ ಖಾಲಿ ಕರಡಿಗೆಯನ್ನು ಅಂಗಿಯೊಳಗೆ ಸೇರಿಸಿ ಮತ್ತೆ ತಿಕ್ಕಲು ತೊಡಗುತ್ತಾರೆ. ಏಳು ವರ್ಷದ ಹಿಂದೆ, ನಂದಗಡದಲ್ಲಿ, ಹೆಂಡತಿ ಬಸವಣ್ಣೆವ್ವನನ್ನು ಮಣ್ಣಿಗೆ ಕೊಡುವಾಗ, ಅವಳ ಇಷ್ಟಲಿಂಗವನ್ನು ಅವಳ ಅಂಗೈಯಲ್ಲೇ ಇಟ್ಟು ಬರಿದಾದ ಕರಡಿಗೆಯನ್ನು ತಮ್ಮ ಕೊರಳಿಗೆ ಹಾಕಿಕೊಂಡಿದ್ದರು. ಊರವರ ಬೆಳ್ಳಿಯನ್ನೆಲ್ಲ ತಿಕ್ಕುವ ಆ ಕೈ ಅದನ್ನು ಒಮ್ಮೆಯೂ ತಿಕ್ಕಿಲ್ಲ. ಇಂದಿಗೂ ಬೆಳ್ಳಗೇ ಇದೆ.